ತೂಕದ ಬೆಲೆ, ಓದಿನ ಬೆಲೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಡೆಂಕಣಿಕೋಟೆಯ ಪ್ರೌಢಶಾಲಾ ಕನ್ನಡ ಪಂಡಿತರು, ವಿದ್ವಾನ್, ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ವೇದಿಕೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ನಾನು ಯಾವನಾದರೂ ಕವಿಯನ್ನೋ ಕಾವ್ಯವನ್ನೋ ಕುರಿತು ಮಾತನಾಡುವೆನೆಂದು ಅವರು ಎಣಿಸಿದ್ದಿರಬೇಕು. ಕನ್ನಡ ಪಂಡಿತನಿಂದ ಬೇರೇನನ್ನು ತಾನೇ ನಿರೀಕ್ಷಿಸಿಯಾರು? ಆದರೆ ನಾನು ಇಂದು ಆರಿಸಿಕೊಂಡಿರುವ ವಿಷಯ ಅಷ್ಟು ಘನವಾದುದಲ್ಲ. ಅದು ಸಂತೆಯ ವಿಷಯ, ಕ್ರಯವಿಕ್ರಯದ ವಿಷಯ. ಒಬ್ಬರು ಓದಿದ ಗಟ್ಟಿರಟ್ಟಿನ ಪುಸ್ತಕವನ್ನು ಮತ್ತೊಬ್ಬರು ಕೊಳ್ಳುವುದು, ಮಾರುವುದು—ಇದನ್ನು ಕುರಿತು, ಒಂದೇ ಒಂದು ಗ್ರಂಥವನ್ನು ಮುಂದಿಟ್ಟುಕೊಂಡು, ನನ್ನ ಅನುಭವಕ್ಕೆ ಬಂದುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಅದರಲ್ಲಿ ನನ್ನದೇ ಒಂದು ತಪ್ಪೂ ಸೇರಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಆ ಗ್ರಂಥ ಆಲೂರು ವೆಂಕಟರಾಯರ ‘ನನ್ನ ಜೀವನ ಸ್ಮೃತಿಗಳು’. ವೆಂಕಟರಾಯರು ಯಾರೆಂಬುದನ್ನು ಹಿರಿಯರಿಗೆ ಹೇಳಬೇಕಾದುದಿಲ್ಲ. ಕಿರಿಯರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಅವರು ೧೮೮೦ರ ಜುಲೈ ೧೨ರಂದು ಬಿಜಾಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ವಕೀಲರಾಗಿ ಧಾರವಾಡದಲ್ಲಿ ನೆಲಸಿದರು. ಅಂದು ಕನ್ನಡಿಗರು ಮೈಸೂರು ಸಂಸ್ಥಾನದಲ್ಲಿ ಕೆಲವರು, ಮುಂಬಯಿ ಪ್ರಾಂತದಲ್ಲಿ ಕೆಲವರು, ಮದರಾಸು ಪ್ರಾಂತದಲ್ಲಿ ಕೆಲವರು, ನಿಜಾಮರ ಹೈದರಾಬಾದಿನಲ್ಲಿ ಕೆಲವರು, ಕೊಡಗಿನಲ್ಲಿ ಕೆಲವರು ಎಂದು ಹಂಚಿಹೋಗಿದ್ದರು. ಇವರೆಲ್ಲ ಒಂದೇ ಮನೆಯವರೆಂಬ ಮಾತನ್ನು ಊರೂರಿಗೆ ಹೋಗಿ ಹೇಳಿದವರು ವೆಂಕಟರಾಯರು. ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು; ೧೯೨೨ರಲ್ಲಿ ‘ಜಯ ಕರ್ನಾಟಕ’ ಮಾಸಪತ್ರಿಕೆಯನ್ನು ಆರಂಭಿಸಿದರು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ನೆರೆದಾಗ, ಅಲ್ಲಿಯೇ ಕರ್ನಾಟಕ ಏಕೀಕರಣದ ಪರಿಷತ್ತೂ ನಡೆಯಿತು. ೧೯೩೦ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ನಾಡು ಅವರನ್ನು ‘ಕನ್ನಡ ಕುಲಪುರೋಹಿತ’ರೆಂದು ಕರೆದು ಗೌರವಿಸಿತು.

ತಮ್ಮ ಬಾಳಿನ ನೆನಪುಗಳನ್ನು ಅವರು ೧೯೪೧ರಲ್ಲಿ ಪ್ರಕಟಿಸಿದರು. ಈ ವರ್ಷವನ್ನು ತಾವು ಗಮನಿಸಬೇಕು. ಏಕೀಕರಣವಾದುದು ೧೯೫೬ರ ನವೆಂಬರ್ ೧ರಂದು. ಆಗ ಎಪ್ಪತ್ತಾರರ ವೃದ್ಧರಾಗಿದ್ದ ವೆಂಕಟರಾಯರು ಹಂಪೆಗೆ ಹೋಗಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ೧೯೬೪ರ ಫೆಬ್ರುವರಿ ೨೫ರಂದು ಧಾರವಾಡದಲ್ಲಿ ಕಾಲವಾದರು. ಆದಕಾರಣ ೧೯೪೧ರ ಪುಸ್ತಕವನ್ನು ಬರೆದವರು ತಮ್ಮ ಗುರಿಯನ್ನು ಇನ್ನೂ ಕಂಡಿರಲಿಲ್ಲ. ಧಾರವಾಡದವರೂ ಬೆಂಗಳೂರಿನವರೂ ಇಂದು ಅದನ್ನು ಓದುವಾಗ, ಮುಂದೆ ಆ ಕನಸು ಫಲಿಸಿತೆಂಬ ನೆಮ್ಮದಿಯಿಂದ ಓದುತ್ತಾರೆ. ನಮ್ಮ ಓದು ಬೇರೆ. ೧೯೫೬ರಲ್ಲಿ ಹೊಸೂರು ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದು ಸೇಲಂ ಜಿಲ್ಲೆಯವರಾಗಿದ್ದ ನಾವು ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಬೇಟರಾಯಸ್ವಾಮಿಯ ಗುಡಿ ಇದ್ದಲ್ಲಿಯೇ ಇದೆ, ನಾವೂ ಇದ್ದಲ್ಲಿಯೇ ಇದ್ದೇವೆ. ಜಿಲ್ಲೆಗಳು ಮಾತ್ರ ಬದಲಾಗಿವೆ. ಗಡಿಯ ಗೆರೆಯನ್ನು ಅಳಿಸಬೇಕೆಂಬ ವಾದವನ್ನು ನಾನಿಲ್ಲಿ ಎತ್ತುತ್ತಿಲ್ಲ. ವೆಂಕಟರಾಯರ ನೆನಪುಗಳನ್ನು, ಬರೆದಾಗಿನ ಮನಸ್ಸಿನಲ್ಲಿಯೇ ಇಂದೂ ಓದಬಲ್ಲವರು ಗಡಿನಾಡಿನವರು ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ನನ್ನ ಅನುಭವಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ, ತಳಿಯ ಕಡೆಯ ಒಂದು ಹಳ್ಳಿಯಲ್ಲಿ ಹಿರಿಯ ಉಪಾಧ್ಯಾಯರೊಬ್ಬರು ತೀರಿಕೊಂಡರು. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಅವರು ಪುಸ್ತಕಗಳನ್ನು ಕೊಂಡು, ರಟ್ಟು ಹಾಕಿಸಿ, ಕ್ಯಾಲಿಕೊ ಬಟ್ಟೆಯ ಬೆನ್ನು ಅಂಟಿಸಿ, ಮರದ ಪೆಟ್ಟಿಗೆಯಲ್ಲಿ ಬೇವಿನ ಸೊಪ್ಪಿನೊಂದಿಗೆ ಇಟ್ಟಿದ್ದರೆಂದು ಕೇಳಿದ್ದೆ. ಅವರ ಮಕ್ಕಳು ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸದಲ್ಲಿದ್ದಾರೆ. ಒಳ್ಳೆಯವರು, ತಂದೆಯ ಉತ್ತರಕ್ರಿಯೆಗಳನ್ನು ಶ್ರದ್ಧೆಯಿಂದ ನಡೆಸಿದವರು. ಆದರೆ ಅವರ ಓದು ನಡೆದುದು ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. ಮನೆ ದುರಸ್ತಿಗೆ ಬಂದಾಗ ಪೆಟ್ಟಿಗೆಯನ್ನು ತೆರೆದರು, ತಮಗೆ ಓದಲು ಬಾರದ ಪುಸ್ತಕಗಳನ್ನು ಗೋಣಿಯಲ್ಲಿ ತುಂಬಿ ಗುಜರಿ ಅಂಗಡಿಗೆ ಹಾಕಿದರು. ಇದನ್ನು ನನಗೆ ತಿಳಿಸಿದವನು ನನ್ನ ವಿದ್ಯಾರ್ಥಿಯೊಬ್ಬ. ಅಂದೇ ಸಂಜೆ ಶಾಲೆ ಬಿಟ್ಟೊಡನೆ ನಾನು ಆ ಅಂಗಡಿಗೆ ಹೋದೆ.

ಅಂಗಡಿಯ ಹುಡುಗ ನೆಲದ ಮೇಲೆ ಕುಳಿತು ಪುಸ್ತಕಗಳ ರಟ್ಟನ್ನು ಕಿತ್ತು ಬೇರೆ ರಾಶಿ ಹಾಕುತ್ತಿದ್ದನು. ರಟ್ಟಿನ ದರವೇ ಬೇರೆ, ಕಾಗದದ ದರವೇ ಬೇರೆ. ಎರಡೂ ಬೆರೆತಿದ್ದರೆ ಮುಂದೆ ಕೊಳ್ಳುವ ದೊಡ್ಡ ವ್ಯಾಪಾರಿ ತಗಾದೆ ಮಾಡುತ್ತಾನೆ. ಪುಸ್ತಕವನ್ನು ಕಾಪಾಡಲೆಂದು ಹಾಕಿಸಿದ ಗಟ್ಟಿ ರಟ್ಟು, ಹೀಗೆ ತೂಕದ ಅಂಗಡಿಯಲ್ಲಿ ಅದಕ್ಕೆ ಮುಳುವಾಗುತ್ತದೆ. ತೆಳು ಹೊದಿಕೆಯ ಪುಸ್ತಕವನ್ನು ಯಾರೂ ಹರಿಯುವುದಿಲ್ಲ. ಗಟ್ಟಿರಟ್ಟಿನದನ್ನು ಹರಿಯುತ್ತಾರೆ, ಹರಿಯುವಾಗ ರಟ್ಟಿಗೆ ಅಂಟಿಸಿದ ಹಾಳೆಯೊಂದಿಗೆ ಶೀರ್ಷಿಕೆಯ ಪುಟವೂ, ಹಿಂಬದಿಯಲ್ಲಿ ಕೊನೆಯ ಕೆಲವು ಪುಟಗಳೂ ಹೋಗುತ್ತವೆ. ನನ್ನ ಕೈಗೆ ಸಿಕ್ಕ ನಾಲ್ಕು ಪುಸ್ತಕಗಳಲ್ಲಿ ಒಂದಕ್ಕೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಒಳಗಣ ಎರಡು ಪುಟಗಳನ್ನು ಓದುತ್ತಲೇ ಅದು ವೆಂಕಟರಾಯರ ಜೀವನ ಸ್ಮೃತಿಗಳೆಂದು ತಿಳಿಯಿತು.

“ಕಿಲೋಗೆ ಹದಿನೈದು ರೂಪಾಯಿ, ಸಾರ್. ನೀವು ಮೇಷ್ಟ್ರು, ನೋಡಿ ಕೊಡಿ” ಎಂದನು ಅಂಗಡಿಯವನು. ನಾಲ್ಕು ಪುಸ್ತಕಗಳೂ ಸೇರಿ ಎರಡು ಕಿಲೋ ತೂಗಿದುವು. ಮೂವತ್ತು ರೂಪಾಯಿ ಕೊಟ್ಟು, ನಿಧಿ ಸಿಕ್ಕಿದವನಂತೆ ಮನೆಗೆ ಬಂದೆ. ಅಂದು ರಾತ್ರಿ ನನಗಾದ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಳೆದುಹೋದ ಪುಟಗಳನ್ನು ತುಂಬಿಕೊಳ್ಳಬೇಕೆಂದು ಮುಂದಿನ ರಜೆಯಲ್ಲಿ ಹೊಸೂರಿನಲ್ಲಿ ಬಸ್ಸು ಬದಲಾಯಿಸಿ ಬೆಂಗಳೂರಿಗೆ ಹೋದೆ. ನಮ್ಮ ಹಿರಿಯರು ಹಳೆಯ ಪುಸ್ತಕಗಳಿಗಾಗಿ ಮದರಾಸಿನ ಮೂರ್ ಮಾರ್ಕೆಟ್ಟಿಗೂ ಹೋಗುತ್ತಿದ್ದರು. ಆ ಕಟ್ಟಡ ೧೯೮೫ರಲ್ಲಿ ಬೆಂಕಿಗೆ ಆಹುತಿಯಾಯಿತು. ಬೆಂಗಳೂರಿನಲ್ಲಿ ೧೯೪೫ರಲ್ಲಿ ಆರಂಭವಾದ ಸೆಲೆಕ್ಟ್ ಬುಕ್ ಷಾಪ್ ಹಳೆಯ ಪುಸ್ತಕ ಹುಡುಕುವವರಲ್ಲಿ ಹೆಸರಾಯಿತು. ಅವೆನ್ಯೂ ರಸ್ತೆಯಂತೂ ವಿದ್ಯಾರ್ಥಿಗಳ ತಲೆಮಾರುಗಳನ್ನೇ ಸಾಕಿತು. ಆ ರಸ್ತೆಯ ಒಂದು ಅಂಗಡಿಯಲ್ಲಿ ಅದೇ ಪುಸ್ತಕದ ಪೂರ್ಣ ಪ್ರತಿ ದೊರೆಯಿತು. ರಟ್ಟು ಸವೆದಿತ್ತು, ಹೊಲಿಗೆ ಗಟ್ಟಿಯಾಗಿತ್ತು. ಅಂಗಡಿಯವರು ಎಂಟುನೂರು ರೂಪಾಯಿ ಹೇಳಿದರು. ಚೌಕಾಸಿಯ ತರುವಾಯ ಆರುನೂರ ಐವತ್ತಕ್ಕೆ ಕೊಟ್ಟರು. “ಕೇಳುವವರು ವರ್ಷಕ್ಕೆ ಇಬ್ಬರೋ ಮೂವರೋ, ಸ್ವಾಮಿ. ಆದರೆ ಕೇಳಿಕೊಂಡು ಬಂದವರು ಬಿಟ್ಟು ಹೋಗುವುದಿಲ್ಲ” ಎಂದರು. ಅವರ ಮಾತಿನಲ್ಲಿ ವ್ಯಾಪಾರದ ಧರ್ಮವೆಲ್ಲ ಅಡಗಿತ್ತು. ವರ್ಷವಿಡೀ ಒಂದು ಪುಸ್ತಕವನ್ನು ಧೂಳಿನಿಂದ, ಹುಳುವಿನಿಂದ ಕಾಪಾಡಿ, ಕೇಳುವವನು ಬರುವವರೆಗೆ ಕಾದಿರುವವನಿಗೆ ಆ ಬೆಲೆ ನ್ಯಾಯವೆಂದೇ ನನಗೆ ತೋರಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಅದೇ ಪುಸ್ತಕಕ್ಕೆ ಒಂದು ಕಡೆ ಏಳೆಂಟು ರೂಪಾಯಿ, ಮತ್ತೊಂದು ಕಡೆ ಆರುನೂರ ಐವತ್ತು. ನಡುವಣ ಅಂತರ ಎಲ್ಲಿಂದ ಬಂದಿತು? ಒಬ್ಬರಿಗೆ ಓದು ಬರುತ್ತದೆ, ಒಬ್ಬರಿಗೆ ಬಾರದು, ಅಂತರವೆಲ್ಲ ಅಷ್ಟೇ. ಕಾನೂನಿನಂತೆ ನಾನು ಯಾರಿಗೂ ಏನನ್ನೂ ಕೊಡಬೇಕಾಗಿರಲಿಲ್ಲ. ನಾನು ಕೊಂಡದ್ದು ಅಂಗಡಿಯಿಂದ. ನ್ಯಾಯವಾಗಿ ಕೊಂಡ ಪ್ರತಿಯನ್ನು ಮರಳಿ ಮಾರಲು ೧೯೫೭ರ ಕೃತಿಸ್ವಾಮ್ಯದ ಕಾಯಿದೆಯ ಅಡ್ಡಿಯೂ ಇಲ್ಲ. ಆದರೆ ಆ ಮನೆಯವರಿಗೆ ತಿಳಿಯದ ಬೆಲೆ ನನಗೆ ತಿಳಿದಿತ್ತು, ತಿಳಿದೂ ಸುಮ್ಮನಿದ್ದೆ ಎಂಬ ಮಾತು ಮನಸ್ಸನ್ನು ಬಿಡಲಿಲ್ಲ. ಒಂದು ಭಾನುವಾರ, ಐನೂರು ರೂಪಾಯಿಗಳನ್ನೂ ಆ ಹರಿದ ಪುಸ್ತಕವನ್ನೂ ತೆಗೆದುಕೊಂಡು ಆ ಹಳ್ಳಿಗೆ ಹೋದೆ.

ಉಪಾಧ್ಯಾಯರ ಪತ್ನಿ ಜಗಲಿಯ ಮೇಲೆ ಕುಳಿತಿದ್ದರು. ನಡೆದುದನ್ನು ಹೇಳಿ ಹಣವನ್ನು ಮುಂದಿಟ್ಟೆ. ಬೇಡವೆನ್ನುವರೆಂದು ನಿರೀಕ್ಷಿಸಿದ್ದೆ, ಆಕೆ ಎಣಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅದು ಅವರ ಹಣ; ಕೊಟ್ಟುದಕ್ಕೆ ನನಗೆ ಸಮಾಧಾನವಾಯಿತು. ಅನಂತರ ಪುಸ್ತಕವನ್ನು ಕೈಗೆ ತೆಗೆದುಕೊಂಡು ಮೊದಲ ಹಾಳೆಯನ್ನು ತಡವಿ ನೋಡಿದರು.

“ಮೇಷ್ಟ್ರೇ, ಅವರು ಹೆಸರು ಬರೆದಿದ್ದ ಹಾಳೆ ಎಲ್ಲಿ?”

“ರಟ್ಟಿನ ಜೊತೆ ಹೋಗಿಬಿಟ್ಟಿದೆ, ಅಮ್ಮಾ.”

“ಮದುವೆಯಾದ ವರುಷ ಕೊಂಡಿದ್ದು. ಅವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದಿದ್ದರು. ನನಗೆ ಓದು ಬರಾಕಿಲ್ಲ. ಅದೊಂದು ಹೆಸರು ಮಾತ್ರ ಗುರುತು ಹಿಡಿಯೋ ಹಾಗೆ ಕಲಿಸಿದ್ದರು.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಗುಜರಿ ಅಂಗಡಿಗೆ ಹೋಗಿ ವಿಚಾರಿಸಿದೆ. ರಟ್ಟಿನ ರಾಶಿ ಲಾರಿಯಲ್ಲಿ ಹೋಗಿ ಎಷ್ಟೋ ದಿನಗಳಾಗಿದ್ದವು. ಮೊದಲ ದಿನ, ಪುಸ್ತಕಗಳನ್ನು ಆರಿಸುವಾಗ, ಆ ರಾಶಿ ನನ್ನ ಕಾಲ ಬಳಿಯೇ ಇತ್ತು. ಬಗ್ಗಿ ನೋಡಬೇಕೆಂದು ನನಗೆ ತೋಚಲಿಲ್ಲ. ಸಭಿಕರೇ, ನಾನು ಹೇಳಿದ ತಪ್ಪು ಹಣದ ವಿಷಯದಲ್ಲಿ ಅರ್ಧ, ಇದರಲ್ಲಿ ಇನ್ನರ್ಧ. ಮೊದಲನೆಯದನ್ನು ಐನೂರು ರೂಪಾಯಿಗಳಿಂದ ತಕ್ಕಮಟ್ಟಿಗೆ ತಿದ್ದಿಕೊಂಡೆ. ಎರಡನೆಯದನ್ನು ತಿದ್ದಲು ಬರುವುದಿಲ್ಲ.

ಇನ್ನೊಂದನ್ನು ಹೇಳಬೇಕು. ನಾವು ಮಾತನಾಡುತ್ತಿದ್ದಾಗ ಆಕೆಯ ಮೊಮ್ಮಗ, ಎಂಟನೆಯ ತರಗತಿಯ ಹುಡುಗ, ಪುಸ್ತಕದೊಳಗೆ ಇಣುಕಿ ನೋಡಿ, “ಇದು ಕನ್ನಡವಾ ಸಾರ್, ತೆಲುಗಾ?” ಎಂದು ಕೇಳಿದನು. ಕೇಳಿದುದು ಅಚ್ಚ ಕನ್ನಡದಲ್ಲಿ. ಮನೆಯಲ್ಲಿ ಆಡುವ ಭಾಷೆಯ ಅಕ್ಷರವನ್ನು ನೆರೆಯ ಭಾಷೆಯ ಅಕ್ಷರದಿಂದ ಬೇರ್ಪಡಿಸಿ ನೋಡಲಾರದವನಾಗಿದ್ದನು. ೨೦೦೬ರ ಕಾಯಿದೆಯ ತರುವಾಯ ನಮ್ಮ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯ ಪಾಠವಾಯಿತು. ತಮಿಳನ್ನು ಕಲಿಯುವುದರಲ್ಲಿ ದೋಷವಿಲ್ಲ. ಅದು ಮಹತ್ತಾದ ಸಾಹಿತ್ಯವುಳ್ಳ ಭಾಷೆ, ನಮ್ಮ ಅನ್ನದ ಭಾಷೆಯೂ ಹೌದು. ಆದರೆ ಮನೆಯಲ್ಲಿ ಕನ್ನಡ ಅಕ್ಷರವನ್ನು ಕಲಿಸುವ ಹೊಣೆಯನ್ನು ನಾವು ಬಿಟ್ಟರೆ, ಅಜ್ಜನ ಪೆಟ್ಟಿಗೆ ಮೊಮ್ಮಗನ ಕಾಲಕ್ಕೆ ಕಾಗದದ ತೂಕವಾಗುತ್ತದೆ. ಇದು ಸರ್ಕಾರ ಮಾಡಿದ್ದಲ್ಲ, ಗುಜರಿಯವನು ಮಾಡಿದ್ದಲ್ಲ.

ಇನ್ನು ಈ ಅನುಭವದಿಂದ ನಾನು ಕಲಿತ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಕೊಳ್ಳುವವರು ಪರೀಕ್ಷಿಸಬೇಕಾದುದು. ಹೊರಗಣ ರಟ್ಟನ್ನು ನೋಡಿ ಮರುಳಾಗಬಾರದು. ಶೀರ್ಷಿಕೆಯ ಪುಟ, ಅದರ ಹಿಂಬದಿಯಲ್ಲಿರುವ ಮುದ್ರಣದ ವರ್ಷ, ಕೊನೆಯ ಪುಟ—ಈ ಮೂರನ್ನೂ ಕಣ್ಣಾರೆ ಕಾಣಬೇಕು. ಪುಟಗಳನ್ನು ಫಾರಂ ಫಾರಮಾಗಿ ಎಣಿಸಬೇಕು. ಹಳೆಯ ಬೈಂಡಿನಲ್ಲಿ ಒಂದು ಫಾರಂ ಬಿಟ್ಟುಹೋಗಿರುವುದು ಅಪರೂಪವಲ್ಲ. ಒಂದು ಹಾಳೆಯ ಮೂಲೆಯನ್ನು ಮೆಲ್ಲನೆ ಮಡಿಸಿದರೆ ಮುರಿದು ಬಿದ್ದೀತೆಂದು ತೋರಿದರೆ, ಆ ಕಾಗದ ಹೆಚ್ಚು ಕಾಲ ಬಾಳದು. ವಾಚನಾಲಯದ ಮೊಹರು ಕಂಡರೆ, ‘ರದ್ದು’ ಎಂದು ಬರೆದಿದೆಯೇ ನೋಡಬೇಕು. ಇಲ್ಲವಾದರೆ ಆ ವಾಚನಾಲಯವನ್ನು ವಿಚಾರಿಸದೆ ಕೊಳ್ಳಬಾರದು. ಇಂದು ದೂರವಾಣಿಯ ತೆರೆಯ ಮೇಲೆ ಚಿತ್ರ ನೋಡಿ ಕೊಳ್ಳುವ ಪದ್ಧತಿ ಬಂದಿದೆ. ಹಳೆಯ ಪುಸ್ತಕದ ಛಾಯಾಪ್ರತಿ ತೆಗೆದು, ಹೊಸ ಗಟ್ಟಿರಟ್ಟು ಹೊದಿಸಿ ಮಾರುವವರೂ ಇದ್ದಾರೆ. ಅದು ಮೋಸವೆಂದಲ್ಲ; ಆದರೆ ಅದು ಹಳೆಯ ಪ್ರತಿಯಲ್ಲ, ಅದಕ್ಕೆ ಹಳೆಯ ಪ್ರತಿಯ ಬೆಲೆ ಸಲ್ಲದು.

ಎರಡನೆಯದಾಗಿ, ಯಾವ ಮುದ್ರಣವೆಂಬುದನ್ನು ಹೇಳದೆ ಮಾರಬಾರದು. ರಾಜಕೀಯದಲ್ಲಿದ್ದವರ ನೆನಪುಗಳಲ್ಲಿ ಇದು ಬಹಳ ಮುಖ್ಯ. ನೆಹರೂ ಅವರ ಆತ್ಮಕಥೆ ೧೯೩೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ೧೯೪೧ರಲ್ಲಿ ನ್ಯೂಯಾರ್ಕಿನಲ್ಲಿ ಬೇರೆ ಹೆಸರಿನಿಂದ ಬಂದಾಗ, ಕೆಲವು ಭಾಗಗಳು ಕಡಿಮೆಯಾಗಿ, ಈಚಿನ ವರ್ಷಗಳ ಸಂಗತಿ ಸೇರಿತ್ತು. ಎರಡೂ ಗಟ್ಟಿರಟ್ಟಿನವೇ, ಎರಡೂ ಅವರವೇ. ಆದರೆ ಎರಡೂ ಒಂದೇ ಅಲ್ಲ. ಹಾಗೆಯೇ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟಗಳ ಮಾಲೆ. ಮೈಸೂರಿನ ದಿವಾನರನ್ನು ಕುರಿತ ಸಂಪುಟವೊಂದನ್ನೇ ಕಿತ್ತು ಮಾರಿದರೆ ಮಿಕ್ಕ ಏಳು ಕುಂಟಾಗುತ್ತವೆ. ನಮ್ಮ ತೊರಪಳ್ಳಿಯಲ್ಲಿ ೧೮೭೮ರಲ್ಲಿ ಹುಟ್ಟಿದ ರಾಜಾಜಿಯವರು ೧೯೨೧–೨೨ರಲ್ಲಿ ವೇಲೂರಿನ ಸೆರೆಮನೆಯಲ್ಲಿ ಬರೆದ ದಿನಚರಿ, ಅವರ ಆಪ್ತಮಿತ್ರರಾದ ನವರತ್ನ ರಾಮರಾಯರು ಕನ್ನಡದಲ್ಲಿ ಬರೆದ ‘ಕೆಲವು ನೆನಪುಗಳು’—ಇಂಥವು ನಮ್ಮ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಇರಬಹುದು. ಇದ್ದರೆ, ತೂಗುವ ಮೊದಲು ತೆರೆದು ನೋಡಿರಿ.

ಮೂರನೆಯದಾಗಿ, ಬೆಲೆ. ತೂಕದ ಬೆಲೆ ಬೇರೆ, ಓದಿನ ಬೆಲೆ ಬೇರೆ. ಮಾರುವವರಿಗೆ ಎರಡನೆಯದು ತಿಳಿಯದಿದ್ದಾಗ, ಕೊಳ್ಳುವವರಿಗೆ ತಿಳಿದಿದ್ದರೆ, ಹೇಳುವುದು ಕೊಳ್ಳುವವರ ಕರ್ತವ್ಯ. ಪೂರ್ಣ ಬೆಲೆಯನ್ನೇ ಕೊಡಬೇಕೆಂದಲ್ಲ. ಅಂಗಡಿಯವನು ಬಾಡಿಗೆ ಕಟ್ಟಬೇಕು, ಕಾಯಬೇಕು, ಅವನಿಗೂ ಲಾಭ ಬೇಕು. ಆದರೆ ‘ಇದು ಇಂಥ ಪುಸ್ತಕ, ಹೊರಗೆ ಇಷ್ಟಕ್ಕೆ ಹೋಗುತ್ತದೆ, ನಾನು ಇಷ್ಟು ಕೊಡಬಲ್ಲೆ’ ಎಂದು ಹೇಳುವುದಕ್ಕೆ ಖರ್ಚಿಲ್ಲ. ಪಟ್ಟಣದ ದೊಡ್ಡ ಸಂತೆಯಲ್ಲಿ ಈ ನಿಯಮ ನಡೆಯದಿರಬಹುದು. ಆದರೆ ಅಕ್ಷರವೇ ಮನೆಯಿಂದ ಜಾರುತ್ತಿರುವ ಗಡಿನಾಡಿನಲ್ಲಿ, ಓದು ಬಲ್ಲವನು ಬಾರದವನ ಅಜ್ಞಾನದಿಂದ ಲಾಭ ಪಡೆದರೆ, ಅವನು ಕನ್ನಡದಿಂದಲೇ ಕನ್ನಡಿಗನನ್ನು ವಂಚಿಸಿದಂತಾಗುತ್ತದೆ.

ಕಡೆಯದಾಗಿ ಸಂಘಕ್ಕೆ ನನ್ನ ಎರಡು ಸೂಚನೆಗಳು. ಸಂಘದ ಕೊಠಡಿಯಲ್ಲಿ ಒಂದು ದಪ್ಪ ನೋಟುಬುಕ್ಕನ್ನು ಇಡಿಸಬೇಕು. ಹಳೆಯ ಕನ್ನಡ ಪುಸ್ತಕ ಮಾರುವವರು ಅದರಲ್ಲಿ ಪುಸ್ತಕದ ಹೆಸರು, ವರ್ಷ, ಇರುವ ಸ್ಥಿತಿ, ಕೇಳುವ ಬೆಲೆ ಇಷ್ಟನ್ನು ಬರೆಯಲಿ. ಬೇಕಾದವರು ಅದನ್ನು ನೋಡಿ ಅವರಿಂದಲೇ ಕೊಳ್ಳಲಿ. ಸಂಘಕ್ಕೆ ದಳ್ಳಾಳಿ ಬೇಡ. ಓದಲು ಬಾರದ ಮನೆಯವರು ಕರೆದರೆ, ನಾನೂ ನನ್ನ ಮೇಲಿನ ತರಗತಿಯ ಹುಡುಗರೂ ಭಾನುವಾರ ಹೋಗಿ ಪುಸ್ತಕಗಳ ಹೆಸರನ್ನು ಪಟ್ಟಿ ಮಾಡಿ ಕೊಡುತ್ತೇವೆ. ಹೆಸರು ಬರೆದಿರುವ ಮೊದಲ ಹಾಳೆಯನ್ನು ಮನೆಯವರಿಗೆ ತೋರಿಸದೆ ಒಂದು ಪುಸ್ತಕವನ್ನೂ ಹೊರಕ್ಕೆ ತರುವುದಿಲ್ಲ.

ಎರಡನೆಯ ಸೂಚನೆ. ನಮ್ಮ ಕಾಯಿದೆಯಂತೆ ಗ್ರಂಥಕರ್ತನು ಕಾಲವಾದ ಮುಂದಿನ ವರ್ಷದಿಂದ ಅರವತ್ತು ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ವೆಂಕಟರಾಯರು ೧೯೬೪ರಲ್ಲಿ ಕಾಲವಾದುದರಿಂದ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು ೨೦೨೫ರ ಜನವರಿ ೧ರಿಂದ ಸರ್ವರ ಸ್ವತ್ತಾಗಿವೆ. ಅವರ ಸ್ಮೃತಿಗಳಿಂದ ನಾಲ್ಕಾರು ಅಧ್ಯಾಯಗಳನ್ನು ಆರಿಸಿ, ನಮ್ಮ ಮಕ್ಕಳಿಗೆ ಓದಲು ಸುಲಭವಾಗುವ ದಪ್ಪ ಅಕ್ಷರದಲ್ಲಿ ಸಂಘವು ಅಚ್ಚು ಹಾಕಿಸಬಹುದು. ಅದಕ್ಕೆ ಪುಟ ತಪ್ಪದ ಹಳೆಯ ಪ್ರತಿ ಬೇಕು. ನಾನು ಆರುನೂರ ಐವತ್ತು ರೂಪಾಯಿಗೆ ಕೊಂಡ ಪ್ರತಿಯನ್ನು ಆ ಕೆಲಸಕ್ಕೆಂದು ಇಂದು ಅಧ್ಯಕ್ಷರ ಕೈಯಲ್ಲಿಡುತ್ತಿದ್ದೇನೆ. ಅಚ್ಚಾದ ತರುವಾಯ ಅದು ಸಂಘದ ಬೀರುವಿನಲ್ಲಿರಲಿ.

ಹರಿದ ಪ್ರತಿ ನನ್ನಲ್ಲಿಲ್ಲ. ಆ ತಾಯಿ ಅದನ್ನು ನನಗೆ ಹಿಂದಕ್ಕೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅವರ ಮೊಮ್ಮಗ ಈಗ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಕನ್ನಡ ಅಕ್ಷರ ಕಲಿಯಲು ಬರುತ್ತಾನೆ. ಒತ್ತಕ್ಷರಗಳವರೆಗೆ ಬಂದಿದ್ದಾನೆ. ಅಜ್ಜಿಯ ಹೆಸರನ್ನು ಬರೆಯಲು ಕಲಿತಿದ್ದಾನೆ.